ಮಸೆದ ಎರಡೇ ದಿನಕ್ಕೆ ಕತ್ತಿ ಮೊಂಡು: ತಪ್ಪು ಕಲ್ಲಿನದ್ದಾ, ಉಕ್ಕಿನದ್ದಾ?

ಪೆರ್ಲದ ತೋಟ
ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಕತ್ತಿ, ಸೊಪ್ಪು ಕಡಿಯುವ ಕತ್ತಿ, ಅಡುಗೆಮನೆಯ ಮೆಟ್ಟುಕತ್ತಿ, ಮೂರರದ್ದೂ ಒಂದೇ ಸಮಸ್ಯೆ. ಮಸೆದ ದಿನ ಒಳ್ಳೆ ಹರಿತ ಇರುತ್ತದೆ. ಎರಡು ದಿನ ಕಳೆಯುವಾಗ ಟೊಮೆಟೊ ಸಿಪ್ಪೆ ಜಾರುತ್ತದೆ, ಸೊಪ್ಪಿನ ಗೆಲ್ಲು ಕಡಿಯುವ ಬದಲು ಜಜ್ಜಿ ಹೋಗುತ್ತದೆ. ಕಲ್ಲು ಅಂಗಡಿಯಲ್ಲಿ ಸಿಗುವ ಎರಡು ಬದಿಯ ಕಾರ್ಬೊರಂಡಮ್, ಒಂದು ಬದಿ ತರಿ, ಒಂದು ಬದಿ ನಯ. ನೀರು ಹಾಕಿಯೇ ಮಸೆಯುವುದು. ಚಾಲಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ) ಸುಲಿಯುವ ಸಮಯ ಹತ್ತಿರ ಬಂತು. ಹೊಸ ಕತ್ತಿ ತೆಗೆಯುವುದಾ, ಕಲ್ಲು ಬದಲಿಸುವುದಾ, ಆಚಾರಿಯವರಿಗೆ ಕೊಡುವುದಾ?

ಉಪ್ಪಳ ಹಾರ್ಡ್‌ವೇರ್
ಕತ್ತಿ ಎಂತದ್ದು? ಲಾರಿಯ ಸ್ಪ್ರಿಂಗ್ ಪ್ಲೇಟಿನದ್ದಾ, ಅಂಗಡಿ ಸ್ಟೀಲಾ?

ಪೆರ್ಲದ ತೋಟ
ಮೊದಲಿನ ಎರಡು ಪ್ಲೇಟಿನದ್ದು, ಕುಲುಮೆಯಲ್ಲಿ ಮಾಡಿಸಿದ್ದು. ಮೆಟ್ಟುಕತ್ತಿ ಮಾತ್ರ ಸ್ಟೀಲು.

ಕುಲುಮೆ ಬದಿ
ಹಾಗಾದರೆ ಉಕ್ಕನ್ನು ಬೈಯುವ ಮೊದಲು ಒಂದು ಕೆಲಸ ಮಾಡಿ ಅಣ್ಣಾ. ಕತ್ತಿಯ ಬಾಯಿ ಮೇಲೆ ಬರುವ ಹಾಗೆ ಹಿಡಿದು, ಬಲ್ಬಿನ ಕೆಳಗೆ ನಿಧಾನ ಆಚೆ ಈಚೆ ಓಲಿಸಿ. ಹರಿತ ಇರುವ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ, ಬೆಳಕು ಬಿದ್ದು ತಿರುಗಲಿಕ್ಕೆ ಅಲ್ಲಿ ಜಾಗವೇ ಇಲ್ಲ. ಮೊಂಡಾದಲ್ಲಿ ಬಿಳಿ ಗೆರೆ ಮಿನುಗುತ್ತದೆ. ಆ ಗೆರೆಯನ್ನು ನೋಡಿದರೆ ಮೊಂಡು ಯಾವ ಜಾತಿಯದ್ದು ಅಂತ ಗೊತ್ತಾಗುತ್ತದೆ.

ಉದ್ದಕ್ಕೆ ಒಂದೇ ಸಮ ಗೆರೆ ಇದ್ದರೆ ಅದು ಸವೆತ. ಅಲ್ಲಲ್ಲಿ ಚುಕ್ಕಿ ಚುಕ್ಕಿ ಕಂಡರೆ ಕಲ್ಲಿಗೋ ಗಂಟಿಗೋ ತಾಗಿ ಹಲ್ಲು ಹೋಗಿದೆ, ಅಂದರೆ ಬಾಯಿಯ ಚೂರು ಹಾರಿ ಕಚ್ಚು ಬಿದ್ದಿದೆ. ಒಂದು ಬದಿಯಿಂದ ನೋಡಿದರೆ ಮಿನುಗು, ಇನ್ನೊಂದು ಬದಿಯಿಂದ ಏನೂ ಇಲ್ಲ ಅಂತಾದರೆ ಬಾಯಿ ಮಡಚಿದೆ. ಗೆರೆ ಮಿನುಗದೆ ಕಪ್ಪು ಕಪ್ಪು, ಒರಟಾಗಿದ್ದರೆ ಹುಳಿಯೋ ಚೊಗರೋ ತುಕ್ಕೋ ತಿಂದದ್ದು. ನಾಲ್ಕನ್ನೂ ನಾವು "ಮೊಂಡು" ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆದರೆ ಮದ್ದು ಬೇರೆ ಬೇರೆ. ಸವೆತಕ್ಕೆ ನಯ ಕಲ್ಲು ಸಾಕು. ಹಲ್ಲು ಹೋದದ್ದಕ್ಕೆ ತರಿ ಕಲ್ಲು ಅಥವಾ ಅರ ಹಾಕಿ, ಹಲ್ಲಿನ ಬುಡದವರೆಗೆ ಇಡೀ ಬಾಯಿಯನ್ನೇ ಇಳಿಸಬೇಕು. ಹಲ್ಲು ಇದ್ದಲ್ಲಿ ಮಾತ್ರ ಉಜ್ಜಿದರೆ ಬಾಯಿ ಅಂಕುಡೊಂಕು. ಮಡಚಿದ್ದು ಪದೇ ಪದೇ ಮಡಚುತ್ತಿದ್ದರೆ ಮಾತ್ರ ಉಕ್ಕಿನ ಹದ (ಕಾಯಿಸಿ ತಣಿಸಿ ಕೊಟ್ಟ ಗಡಸು) ನೋಡಬೇಕು. ಪದೇ ಪದೇ ಹಲ್ಲು ಬಿದ್ದರೆ ಗಡಸು ಹೆಚ್ಚಾಗಿದೆ, ಅಥವಾ ಬಾಯಿ ತೀರಾ ತೆಳು ಮಾಡಿದ್ದೀರಿ.

ನೀರ್ಚಾಲು ಮಾಷ್ಟ್ರು
ಎರಡೇ ದಿನಕ್ಕೆ ಹೋಗುವುದು ಅಂದರೆ ಹೆಚ್ಚಿನ ಸಲ ಸವೆತ ಅಲ್ಲ. ಮಸೆಯುವುದನ್ನು ಪೂರ್ತಿ ಮಾಡದ್ದು. ಒಂದು ಬದಿ ಮಸೆದಾಗ ಉಕ್ಕು ತೆಳುವಾಗಿ ಇನ್ನೊಂದು ಬದಿಗೆ ಮಗುಚಿ ಒಂದು ಮುಳ್ಳಂಚು ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಬಾಯಿ ದಾಟಿಸಿ ಹೊರಗೆ ಎಳೆದರೆ ಕೆರೆದ ಹಾಗೆ ಸಿಗುತ್ತದೆ. (ಬಾಯಿಯ ಉದ್ದಕ್ಕೆ ಯಾವತ್ತೂ ಬೆರಳು ಎಳೆಯಬೇಡಿ.) ಆ ಮುಳ್ಳಂಚು ಕೂಡ ಕಾಗದ ಕತ್ತರಿಸುತ್ತದೆ, ಅದಕ್ಕೇ "ಮಸೆದ ದಿನ ಒಳ್ಳೆ ಹರಿತ" ಅಂತ ಕಾಣುವುದು. ಕೆಲಸಕ್ಕೆ ಇಳಿದ ಕೂಡಲೇ ಅದು ಮಡಚಿ ಬಾಯಿಯ ಮೇಲೆ ಮಲಗುತ್ತದೆ.

ಕ್ರಮ ಹೀಗೆ: ತರಿ ಬದಿಯಲ್ಲಿ ಒಂದು ಪಕ್ಕ ಮಸೆಯಿರಿ, ಹಿಡಿಯಿಂದ ತುದಿಯವರೆಗೆ ಮುಳ್ಳಂಚು ಏಳುವ ತನಕ. ಎಲ್ಲಿ ಏಳಲಿಲ್ಲವೋ ಅಲ್ಲಿ ಕಲ್ಲು ಬಾಯಿಗೆ ಮುಟ್ಟಿಲ್ಲ ಅಂತ ಅರ್ಥ. ಆಮೇಲೆ ಮಗುಚಿ ಇನ್ನೊಂದು ಪಕ್ಕ. ನಯ ಬದಿಗೆ ಬಂದಾಗ ಒತ್ತಡ ಕಡಿಮೆ ಮಾಡುತ್ತಾ, ಪಕ್ಕ ಬದಲಿಸುತ್ತಾ, ಕೊನೆಗೆ ಕತ್ತಿಯ ಭಾರದಲ್ಲೇ ಒಂದೊಂದು ಎಳೆತ. ಅದಾದ ಮೇಲೆ ಹಳೆ ಚರ್ಮದ ಬೆಲ್ಟಿಗೋ ದಪ್ಪ ಜೀನ್ಸ್ ಬಟ್ಟೆಗೋ ಬೆನ್ನು ಮುಂದೆ ಮಾಡಿ ಎಳೆಯಿರಿ, ಬಾಯಿ ಮುಂದೆ ಮಾಡಿದರೆ ಬಟ್ಟೆ ಹರಿಯುತ್ತದೆ. ಎರಡೂ ಬದಿಯಿಂದ ಬೆರಳಿಗೆ ಏನೂ ಸಿಗದೆ ಇದ್ದರೆ ಮುಗಿಯಿತು.

ಗಡಿನಾಡ ಅಕ್ಕ
ಕೋನ ಎಷ್ಟು ಇಡುವುದು ಮಾಷ್ಟ್ರೇ? ಎಲ್ಲ ಕಡೆ 20 ಡಿಗ್ರಿ ಅಂತ ಬರೆಯುತ್ತಾರೆ, ಕಲ್ಲಿನ ಮೇಲೆ 20 ಡಿಗ್ರಿ ನೋಡುವುದು ಹೇಗೆ?

ನೀರ್ಚಾಲು ಮಾಷ್ಟ್ರು
ಡಿಗ್ರಿ ಅಳೆಯಬೇಡಿ ಅಕ್ಕಾ, ಎತ್ತರ ಅಳೆಯಿರಿ. ಅಲಗಿನ ಅಗಲದ ಮೂರನೇ ಒಂದು ಪಾಲು ಬೆನ್ನನ್ನು ಕಲ್ಲಿನಿಂದ ಎತ್ತಿದರೆ ಸುಮಾರು 20 ಡಿಗ್ರಿ. ನಾಲ್ಕನೇ ಒಂದು ಪಾಲು ಎತ್ತಿದರೆ 15ರ ಹತ್ತಿರ. ಅರ್ಧ ಎತ್ತಿದರೆ 30. ಅಂದರೆ 42 ಮಿ.ಮೀ. ಅಗಲದ ಚಾಕುವಿಗೆ 14 ಮಿ.ಮೀ. ಎತ್ತರ. ಆ ದಪ್ಪದ ಮರದ ತುಂಡೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು ಆಗಾಗ ಬೆನ್ನನ್ನು ಅದಕ್ಕೆ ತಾಗಿಸಿ ನೋಡಿದರೆ ಕೈ ಕಲಿಯುತ್ತದೆ. ತರಕಾರಿಗೆ 15ರಿಂದ 20, ಸೊಪ್ಪು ಗೆಲ್ಲು ಕಡಿಯುವ ಕತ್ತಿಗೆ 25ರಿಂದ 30.

ಇನ್ನೊಂದು ಉಪಾಯ: ಮಸೆಯುವ ಮೊದಲು ಬಾಯಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ. ನಾಲ್ಕು ಎಳೆತ ಎಳೆದು ನೋಡಿ. ಮೇಲಿನ ಮಸಿ ಮಾತ್ರ ಹೋಗಿ ಬಾಯಿಯ ತುದಿಯಲ್ಲಿ ಉಳಿದರೆ ಬೆನ್ನು ತೀರಾ ತಗ್ಗಿದೆ. ತುದಿಯ ಮಸಿ ಮಾತ್ರ ಹೋದರೆ ತೀರಾ ಎತ್ತಿದ್ದೀರಿ.

ಉಪ್ಪಳ ಹಾರ್ಡ್‌ವೇರ್
ಇಷ್ಟೆಲ್ಲ ಯಾಕೆ? ಸಾಣೆ ಚಕ್ರದವರಿಗೆ ಕೊಟ್ಟರೆ ಐದು ನಿಮಿಷದ ಕೆಲಸ.

ಕುಲುಮೆ ಬದಿ
ಐದು ನಿಮಿಷದಲ್ಲಿ ಹದವೂ ಹೋಗುತ್ತದೆ. ಅಲಗಿನ ತುದಿ ಕೂದಲಿನಷ್ಟು ತೆಳು, ಚಕ್ರದ ಬಿಸಿ ಹರಿದು ಹೋಗಲಿಕ್ಕೆ ಅಲ್ಲಿ ಲೋಹವೇ ಇಲ್ಲ. ಉಕ್ಕು ಬಿಸಿಯಾಗುವಾಗ 220 ಡಿಗ್ರಿ ಆಸುಪಾಸಿನಲ್ಲಿ ಒಣಹುಲ್ಲಿನ ಬಣ್ಣ ಬರುತ್ತದೆ, 280ರ ಹತ್ತಿರ ನೇರಳೆ, 300ರ ಹತ್ತಿರ ನೀಲಿ. ಬಾಯಿ ನೀಲಿಯಾಯಿತು ಅಂದರೆ ಅಲ್ಲಿನ ಗಡಸು ಇಳಿದಿದೆ. ಅದನ್ನು ಎಷ್ಟು ಮಸೆದರೂ ಎರಡು ದಿನದ ಹರಿತವೇ. ನೀಲಿ ಇರುವಷ್ಟು ಭಾಗವನ್ನು ಕಲ್ಲಲ್ಲಿ ನಿಧಾನ ತೆಗೆದು ಒಳಗಿನ ಒಳ್ಳೆ ಉಕ್ಕಿಗೆ ಹೋಗಬೇಕು, ಇಲ್ಲವೇ ಮತ್ತೆ ಕುಲುಮೆಗೆ ಹಾಕಿ ಹದ ಕೊಡಬೇಕು.

ಉಪ್ಪಳ ಹಾರ್ಡ್‌ವೇರ್
ಎಲ್ಲರೂ ಹಾಗೆ ಸುಡುವುದಿಲ್ಲ. ಎರಡೆರಡು ಸೆಕೆಂಡಿಗೆ ನೀರಿಗೆ ಅದ್ದಿ, ಬರಿಗೈಯಲ್ಲಿ ಅಲಗು ಹಿಡಿದೇ ಸಾಣೆ ಕೊಡುವವರಿದ್ದಾರೆ. ಕೈಗೆ ಬಿಸಿ ತಾಗುವಾಗ ನಿಲ್ಲಿಸಿದರೆ ಹದ ಹೋಗುವುದಿಲ್ಲ. ಹಲ್ಲು ಹೋದ ಕತ್ತಿಗೆ ಕೈಯಲ್ಲಿ ಕಲ್ಲು ಹಿಡಿದು ಕೂತರೆ ಅರ್ಧ ದಿನ ಬೇಕು, ಅದನ್ನೂ ಹೇಳಿ.

ಕುಲುಮೆ ಬದಿ
ನೀರಿಗೆ ಅದ್ದುತ್ತಾ ಹಿಡಿದರೆ ಒಪ್ಪುತ್ತೇನೆ. ಆದರೆ ಬಣ್ಣ ಕಾಣದಿದ್ದರೆ ಸುಟ್ಟಿಲ್ಲ ಅಂತ ಹೇಳಲಿಕ್ಕಾಗುವುದಿಲ್ಲ, ಬಣ್ಣ ಬಂದ ಜಾಗವನ್ನು ಚಕ್ರವೇ ಉಜ್ಜಿಕೊಂಡು ಹೋಗಿರುತ್ತದೆ. ಅರ ಪರೀಕ್ಷೆ ಮಾಡಿ. ಹೊಸ ಅರದ ಮೂಲೆಯನ್ನು ಬಾಯಿಯ ಹತ್ತಿರ ಮೆಲ್ಲ ಎಳೆಯಿರಿ. ಜಾರಿದರೆ ಅಥವಾ ಕಷ್ಟದಲ್ಲಿ ಹಿಡಿದರೆ ಗಡಸು ಉಂಟು. ಸುಲಭದಲ್ಲಿ ಕಚ್ಚಿ ಪುಡಿ ಬಿದ್ದರೆ ಮೆತ್ತಗಾಗಿದೆ. ಬೆನ್ನಿನ ಹತ್ತಿರವೂ ಒಮ್ಮೆ ಎಳೆದು ಹೋಲಿಸಿ ನೋಡಿ.

ಕುಲುಮೆಗೆ ಹಾಕಿ ಹದ ಕೊಡುವುದು ಅಂದೆನಲ್ಲ, ಅದು ಹೀಗೆ: ಲಾರಿ ಪ್ಲೇಟಿನಲ್ಲಿ 0.5ರಿಂದ 0.6 ಶೇಕಡಾದಷ್ಟು ಇಂಗಾಲ ಇರುತ್ತದೆ, ಕತ್ತಿಗೆ ಧಾರಾಳ ಸಾಕು. ಆಯಸ್ಕಾಂತ ಹಿಡಿಯದೆ ಇರುವ ಹಂತ 770 ಡಿಗ್ರಿ. ಅದನ್ನು ಸ್ವಲ್ಪ ದಾಟಿಸಿ ಎಣ್ಣೆಗೆ ಇಳಿಸಬೇಕು. ನೀರಿಗೆ ಇಳಿಸಿದರೆ ಈ ಪ್ಲೇಟು ಬಿರಿಯುವ ಸಾಧ್ಯತೆ ಹೆಚ್ಚು. ಅಲ್ಲಿಗೆ ಬಿಟ್ಟರೆ ಹಲ್ಲು ಬೀಳುತ್ತದೆ. ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಪುನಃ ಮೆಲ್ಲ ಕಾಯಿಸಿ ಬಣ್ಣ ಓಡಿಸಬೇಕು. ಚಾಕುವಿಗೆ ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿ, ಗೆಲ್ಲು ಕಡಿಯುವ ಕತ್ತಿಗೆ ನೇರಳೆವರೆಗೆ ಬಿಡಿ.

ಅಡೂರು ಕೃಷಿಕ
ಅಡಿಕೆ ಸುಲಿಯುವ ಕತ್ತಿ ಬೇರೆ ವಿಷಯ ಭಾವ. ಅದು ಕೊಯ್ಯುವುದಕ್ಕಿಂತ ಸಿಪ್ಪೆ ಎಬ್ಬಿಸುವ ಕೆಲಸ ಹೆಚ್ಚು ಮಾಡುತ್ತದೆ. ತುದಿಯ ಒಂದಿಂಚು ಸರಿ ಇದ್ದರೆ ಆಯಿತು. ತುದಿ ತೀರಾ ಚೂಪಾದರೆ ಒಳಗಿನ ಅಡಿಕೆಗೆ ಗೀರು ಬೀಳುತ್ತದೆ, ಗೀರಿದ್ದಕ್ಕೆ ದರ ಇಲ್ಲ.

ಅದು ಬೇಗ ಮೊಂಡಾಗಲಿಕ್ಕೆ ಕಾರಣ ಅಂಗಳದ ಮಣ್ಣು. ಚಾಲಿ 40-45 ದಿನ ಬಿಸಿಲಲ್ಲಿ ಒಣಗುತ್ತದಲ್ಲ, ಅಷ್ಟು ದಿನ ಹೊಯ್ಗೆ ಧೂಳು ಸಿಪ್ಪೆಯ ನಾರಿನ ಒಳಗೆ ಕೂತಿರುತ್ತದೆ. ಹೊಯ್ಗೆಯಲ್ಲಿ ಇರುವುದು ಬೆಣಚುಕಲ್ಲಿನ ಕಣ, ಅದು ಉಕ್ಕಿಗಿಂತ ಗಟ್ಟಿ. ಪ್ರತಿ ಅಡಿಕೆಗೂ ಬಾಯಿ ಮರಳುಕಾಗದಕ್ಕೆ ಉಜ್ಜಿದ ಹಾಗೆ ಸವೆಯುತ್ತದೆ. ಸುಲಿಯುವ ಮೊದಲು ಜರಡಿಗೆ ಹಾಕಿ ಅಲ್ಲಾಡಿಸಿ, ಒಣಗಿಸುವಾಗ ಬರಿ ಮಣ್ಣಿನ ಮೇಲೆ ಹರಡಬೇಡಿ.

ಪೆರ್ಲದ ತೋಟ
ಇದು ಯೋಚಿಸಿಯೇ ಇರಲಿಲ್ಲ ಅಣ್ಣಾ. ಅಂಗಳದ ಒಂದು ಬದಿ ಮಾತ್ರ ಸಿಮೆಂಟು, ಉಳಿದದ್ದು ಮಣ್ಣೇ.

ಗಡಿನಾಡ ಅಕ್ಕ
ಮಿಕ್ಸಿ ಬ್ಲೇಡು ಮೊಂಡಾದರೆ ಕಲ್ಲುಪ್ಪು ಹಾಕಿ ತಿರುಗಿಸಿದರೆ ಹರಿತ ಆಗುತ್ತದೆ ಅಂತ ವಾಟ್ಸಾಪಲ್ಲಿ ಬರುತ್ತಾ ಉಂಟು. ಮೊಟ್ಟೆ ಚಿಪ್ಪು ಹಾಕಿ ಅಂತಲೂ ಹೇಳ್ತಾರೆ. ಹೌದಾ?

ನೀರ್ಚಾಲು ಮಾಷ್ಟ್ರು
ಆಗುವುದಿಲ್ಲ ಅಕ್ಕಾ. ಮೋಸ್ ಗಡಸುತನದ ಅಳತೆಯಲ್ಲಿ ಉಪ್ಪು ಎರಡೂವರೆ, ಮೊಟ್ಟೆ ಚಿಪ್ಪಿನ ಸುಣ್ಣ 3, ಬ್ಲೇಡಿನ ಉಕ್ಕು 5ಕ್ಕಿಂತ ಮೇಲೆ. ಮೆತ್ತಗಿನದ್ದು ಗಟ್ಟಿಯನ್ನು ಮಸೆಯಲಿಕ್ಕಿಲ್ಲ. ಬ್ಲೇಡಿಗೆ ಹಿಡಿದ ಜಿಡ್ಡು, ಹಳೆ ಮಸಾಲೆಯ ಪದರ ಹೋಗುತ್ತದೆ, ಅದಕ್ಕೆ ಸ್ವಲ್ಪ ಚುರುಕಾದ ಹಾಗೆ ಕಾಣುತ್ತದೆ. ಜಾರಿನ ಬ್ಲೇಡು ಹೆಚ್ಚಾಗಿ ವೇಗದಲ್ಲಿ ಬಡಿದೇ ಪುಡಿ ಮಾಡುವುದು. ನುಣ್ಣಗೆ ಆಗದಿದ್ದರೆ ಮೊದಲು ಕೆಳಗಿನ ರಬ್ಬರ್ ಕಪ್ಲರ್ ಸವೆದಿದೆಯಾ, ಬ್ಲೇಡಿನ ಬುಶ್ ಅಲ್ಲಾಡುತ್ತದಾ ನೋಡಿ.

ಉಪ್ಪಳ ಹಾರ್ಡ್‌ವೇರ್
ಕತ್ತರಿಯಿಂದ ಮರಳುಕಾಗದ ಕತ್ತರಿಸಿದರೆ ಹರಿತ ಆಗುವುದು ಮಾತ್ರ ಸ್ವಲ್ಪ ಮಟ್ಟಿಗೆ ನಿಜ. ಕಾಗದದಲ್ಲಿ ಇರುವ ಕಣ ಉಕ್ಕಿಗಿಂತ ಗಟ್ಟಿ, ಮುಳ್ಳಂಚು ತೆಗೆಯುತ್ತದೆ. ಆದರೆ ಕತ್ತರಿ ಕತ್ತರಿಸದೆ ಬಟ್ಟೆ ಮಡಚುವುದು ಹೆಚ್ಚಿನ ಸಲ ಮೊಂಡಾಗಿ ಅಲ್ಲ, ನಡುವಿನ ತಿರುಪು ಸಡಿಲವಾಗಿ. ಮೊದಲು ಅದನ್ನು ಬಿಗಿ ಮಾಡಿ.

ಮುಳ್ಳೇರಿಯ ರಬ್ಬರ್
ಹಲಸಿನಕಾಯಿ ಕೊಯ್ದ ಕತ್ತಿಯನ್ನು ಯಾರೂ ಕಲ್ಲಿಗೆ ಹಾಕಬೇಡಿ! ಅದು ಮೊಂಡಾದದ್ದೇ ಅಲ್ಲ, ಮೇಣ ಹಿಡಿದದ್ದು. ಕಲ್ಲಿಗೆ ಹಾಕಿದರೆ ಕಲ್ಲಿನ ತೂತುಗಳಿಗೆ ಮೇಣ ತುಂಬಿ ಕಲ್ಲೂ ಹಾಳು. ತೆಂಗಿನೆಣ್ಣೆಯಲ್ಲಿ ಉಜ್ಜಿ ಒರೆಸಿದರೆ ಪೂರ್ತಿ ಬಿಡುತ್ತದೆ. ಕೊಯ್ಯುವ ಮೊದಲೇ ಎರಡೂ ಬದಿಗೆ ಎಣ್ಣೆ ಸವರುವುದು ಇನ್ನೂ ಒಳ್ಳೆಯದು.

ರಬ್ಬರ್ ಟ್ಯಾಪಿಂಗ್ ಕತ್ತಿಯ ಲೆಕ್ಕ ಇನ್ನೂ ಸೂಕ್ಷ್ಮ. ಮಿಚಿ ಗೋಲೆಜ್ ಕತ್ತಿಯಾಗಲಿ, ಜೆಬಾಂಗ್ ಆಗಲಿ, ಬಾಯಿ ಮೊಂಡಾದರೆ ತೊಗಟೆ ತೆಳುವಾಗಿ ಬರುವುದಿಲ್ಲ, ಕೈ ಒತ್ತಿ ಹೋಗುತ್ತದೆ. ಒತ್ತಿದರೆ ಕೇಂಬಿಯಂ ಪದರಕ್ಕೆ (ತೊಗಟೆಗೂ ಮರಕ್ಕೂ ನಡುವೆ ಬೆಳೆಯುವ ಪದರ) ಗಾಯ. ಅಲ್ಲಿ ಗಂಟು ಬೆಳೆದು, ಹೊಸ ತೊಗಟೆ ಬಂದಾಗ ಸರಿಯಾಗಿ ಟ್ಯಾಪ್ ಮಾಡಲಿಕ್ಕೇ ಆಗುವುದಿಲ್ಲ. ಚಪ್ಪಟೆ ಕಲ್ಲಿನಲ್ಲಿ ಮಸೆದರೆ ಅದರ ಒಳಮೂಲೆಗೆ ತಾಗುವುದಿಲ್ಲ. ಅಂಚು ಉರುಟಾಗಿರುವ ಸಣ್ಣ ಕಲ್ಲು ಬೇಕು.

ಮೂರ್ತೆ ಕತ್ತಿ
ಶೇಂದಿ ಇಳಿಸುವವರ ಕತ್ತಿಗೆ ಕಲ್ಲೇ ಇಲ್ಲ. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನಯ ಪುಡಿ ಉದುರಿಸಿ ಅದರ ಮೇಲೆ ಉಜ್ಜುವುದು. ಮರ ಸ್ವಲ್ಪ ತಗ್ಗಿ ಕೊಡುವುದರಿಂದ ಬಾಯಿಗೆ ಬಿಲ್ಲಿನ ಹಾಗೆ ಸಣ್ಣ ಉಬ್ಬು ಬರುತ್ತದೆ, ಹರಿತ ತುಂಬ ಹೊತ್ತು ಉಳಿಯುತ್ತದೆ. ದಿನಕ್ಕೆ ಎರಡು ಸಲ ಹೊಂಬಾಳೆಯ ತುದಿಯಿಂದ ಕಾಗದದಷ್ಟು ತೆಳು ಬಿಲ್ಲೆ ತೆಗೆಯಬೇಕು. ಮೊಂಡು ಕತ್ತಿಯಲ್ಲಿ ಒತ್ತಿದರೆ ರಸ ಹರಿಯುವ ನಾಳಗಳು ಜಜ್ಜಿ ಮುಚ್ಚಿ ಹೋಗುತ್ತವೆ, ಕಳ್ಳು ಇಳಿಯುವುದು ಕಡಿಮೆಯಾಗುತ್ತದೆ. ಆ ಕೆಲಸದಲ್ಲಿ ಹರಿತ ಅಂದರೆ ಅದೇ ಆದಾಯ.

ಕುಂಬಳೆ ದೀಪ
ಇಲ್ಲೇ ಕೇಳಬಹುದಾ? ಹಿತ್ತಾಳೆ ಕಾಲುದೀಪ ತುಂಬ ಮೊಂಡಾಗಿದೆ, ಹುಣಸೆ ಹಾಕಿ ತಿಕ್ಕಿದರೂ ಹೊಳಪು ಒಂದು ವಾರ ಬರುವುದಿಲ್ಲ.

ನೀರ್ಚಾಲು ಮಾಷ್ಟ್ರು
ದೀಪ ಮೊಂಡಾಗಲಿಕ್ಕಿಲ್ಲ, ಮಂಕಾಗುವುದು.

ಕುಂಬಳೆ ದೀಪ
ಮನೆಯಲ್ಲಿ ಎಲ್ಲದಕ್ಕೂ "ಡಲ್" ಅಂತ ಹೇಳಿ ಹೇಳಿ ಅಭ್ಯಾಸ ಆಗಿದೆ ಮಾಷ್ಟ್ರೇ. ಆಕಾಶ ಡಲ್, ಬಲ್ಬು ಡಲ್, ವ್ಯಾಪಾರ ಡಲ್, ಹುಡುಗನೂ ಡಲ್.

ನೀರ್ಚಾಲು ಮಾಷ್ಟ್ರು
ಅದೇ ಬೇಸರ. ಕತ್ತಿ ಮೊಂಡು, ಹಿತ್ತಾಳೆ ಮಂಕು, ಆಕಾಶ ಮಬ್ಬು, ದೀಪದ ಉರಿ ಮಂದ, ಮೈ ಜಡ, ವ್ಯಾಪಾರ ತಣ್ಣಗೆ. ಯಾವುದು ಏನಾಗಿದೆ ಅಂತ ಶಬ್ದದಲ್ಲೇ ಉಂಟು, ಮದ್ದು ಹುಡುಕಲಿಕ್ಕೂ ಅದು ಬೇಕು. ಹುಡುಗನ ವಿಷಯದಲ್ಲಂತೂ ಆ ಶಬ್ದವೇ ಬೇಡ. ಕಲಿಕೆ ನಿಧಾನ ಇರಬಹುದು, ಬೋರ್ಡು ಮಬ್ಬು ಕಾಣುತ್ತಿರಬಹುದು, ಕಿವಿ ಮಂದ ಇರಬಹುದು. ಕಣ್ಣು, ಕಿವಿ ಪರೀಕ್ಷೆ ಮಾಡಿಸದೆ ಮಗುವಿಗೆ "ಡಲ್" ಅಂತ ಹಣೆಪಟ್ಟಿ ಹಚ್ಚಬೇಡಿ. ಗಡಿನಾಡಲ್ಲಿ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಪಾಠದ ಭಾಷೆ ಹತ್ತದೆ ಮಗು ಸುಮ್ಮನಿರುವುದು ಕೂಡ ಉಂಟು.

ಅಡೂರು ಕೃಷಿಕ
ಈ ಕೊನೆಯ ಮಾತು ಎಲ್ಲರೂ ಓದಬೇಕು.

ಗಡಿನಾಡ ಅಕ್ಕ
ದೀಪದ ವಿಷಯ ನಾನು ಹೇಳ್ತೇನೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಗಾಳಿಯ ತೇವ, ಗಂಧಕದ ಅಂಶ, ಕಡಲ ಬದಿಯ ಉಪ್ಪು ಸೇರಿ ಮೇಲ್ಪದರ ಮಂಕಾಗುತ್ತದೆ. ಹುಣಸೆ, ಬಿಂಬುಳಿ, ಪುನರ್ಪುಳಿ ಸಿಪ್ಪೆ, ಯಾವುದಾದರೂ ಆಗುತ್ತದೆ, ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಬೇಗ ಕೆಲಸ ಮಾಡುತ್ತದೆ. ತಪ್ಪು ಆಗುವುದು ತಿಕ್ಕಿದ ಮೇಲೆ. ಹುಳಿ ಮತ್ತು ಉಪ್ಪು ಕೆತ್ತನೆಯ ಸಂದಿಯಲ್ಲಿ ಉಳಿದರೆ ವಾರದೊಳಗೆ ಹಸಿರು ಕಿಲುಬು.

ಮೊದಲು ಎಣ್ಣೆ ಜಿಡ್ಡನ್ನು ಬಿಸಿನೀರು, ಸೋಪಿನಲ್ಲಿ ತೆಗೆಯಿರಿ, ಜಿಡ್ಡಿನ ಮೇಲೆ ಹುಳಿ ಹಿಡಿಯುವುದಿಲ್ಲ. ಹುಳಿ ಹಚ್ಚಿ ಐದು ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಸತು ಕರಗಿ ಹೋಗಿ ಮೇಲೆ ಗುಲಾಬಿ ಬಣ್ಣದ ತಾಮ್ರ ಉಳಿಯುತ್ತದೆ, ಅದು ಕೊಳೆ ಅಲ್ಲ, ತಿಕ್ಕಿದರೆ ಸುಲಭದಲ್ಲಿ ಹೋಗುವುದೂ ಇಲ್ಲ. ನಂತರ ಅಡಿಗೆ ಸೋಡಾದ ನೀರಲ್ಲಿ ಒಮ್ಮೆ, ಸಾದಾ ನೀರಲ್ಲಿ ಎರಡು ಸಲ ತೊಳೆದು, ಕೂಡಲೇ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡಿ. ನೀರು ತಾನಾಗಿ ಆರಲಿ ಅಂತ ಬಿಟ್ಟರೆ ಕಲೆ. ಒಣಗಿದ ಮೇಲೆ ಒಂದು ಹನಿ ತೆಂಗಿನೆಣ್ಣೆ ಬಟ್ಟೆಗೆ ಹಾಕಿ ಸವರಿದರೆ ಗಾಳಿ ತಾಗುವುದು ಕಡಿಮೆ.

ಉಪ್ಪಳ ಹಾರ್ಡ್‌ವೇರ್
ದೀಪ ಹೊಸದಾದರೆ ಮೇಲೆ ಲ್ಯಾಕರ್ (ಬಣ್ಣವಿಲ್ಲದ ವಾರ್ನಿಷಿನಂಥ ಲೇಪ) ಇರಬಹುದು. ಅದರ ಕೆಳಗೆ ಮಂಕಾದರೆ ಹುಳಿ ಮುಟ್ಟುವುದೇ ಇಲ್ಲ. ಥಿನ್ನರ್ ಹಾಕಿ ಲ್ಯಾಕರ್ ತೆಗೆಯಬೇಕು, ಬೆಂಕಿಯಿಂದ ದೂರ, ಗಾಳಿ ಆಡುವಲ್ಲಿ.

ಗಡಿನಾಡ ಅಕ್ಕ
ಕಲಾಯಿ ಹಾಕಿದ ಪಾತ್ರೆಯ ಒಳಬದಿಗೆ ಈ ಉಪಚಾರ ಯಾವುದೂ ಬೇಡ. ಕಲಾಯಿ ಅಂದರೆ ತವರದ ತೆಳು ಪದರ, ಮಂಕಾಗಿ ಕಂಡರೂ ಅದು ಇದ್ದರೆ ಸಾಕು. ಬೆಳಗಿಸಲಿಕ್ಕೆ ಹೋಗಿ ತಿಕ್ಕಿ ತೆಗೆದರೆ ಹುಳಿ ಪದಾರ್ಥಕ್ಕೆ ತಾಮ್ರ ಇಳಿಯುತ್ತದೆ. ಖಾಲಿ ಪಾತ್ರೆ ಒಲೆಯ ಮೇಲೆ ಇಡಬೇಡಿ, ತವರ 232 ಡಿಗ್ರಿಗೆ ಕರಗುತ್ತದೆ.

ಹಿಮ್ಮೇಳ
ಮಂಕು ಅಂದ ಕೂಡಲೇ ಚೆಂಡೆ ನೆನಪಾಯಿತು. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ನಾದ ಇಳಿದು ಬದ್ ಬದ್ ಅನ್ನುತ್ತದೆ. ಬರೀ ಹಗ್ಗ ಎಳೆದು ಬಿಗಿ ಮಾಡಿದರೆ ಆಗ ಸರಿಯಾಗುತ್ತದೆ, ಆದರೆ ಒಣ ಹವೆಗೆ ಬಂದಾಗ ಚರ್ಮ ಇನ್ನೂ ಬಿಗಿದು ಹರಿಯುವ ಅಪಾಯ. ಮೊದಲು ದೂರದ ಕೆಂಡದ ಕಾವಿಗೆ ತಿರುಗಿಸುತ್ತಾ ತೇವ ತೆಗೆಯಬೇಕು, ಆಮೇಲೆ ಹಗ್ಗ. ಹತ್ತಿರ ಹಿಡಿದರೆ ಚರ್ಮ ಒಂದೇ ಕಡೆ ಒಣಗಿ ಬಿರಿಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹಗ್ಗ ಸ್ವಲ್ಪ ಸಡಿಲಿಸಿ ಇಡಿ.

ಮೂರ್ತೆ ಕತ್ತಿ
ಕತ್ತಿಯಿಂದ ದೀಪಕ್ಕೆ, ದೀಪದಿಂದ ಚೆಂಡೆಗೆ ಬಂತು. ಪೆರ್ಲದವರೇ, ನೋಡಿದಿರಾ ಬಲ್ಬಿನ ಕೆಳಗೆ?

ಪೆರ್ಲದ ತೋಟ
ನೋಡಿದೆ. ಸೊಪ್ಪಿನ ಕತ್ತಿಯಲ್ಲಿ ನಡುಭಾಗಕ್ಕೆ ಚುಕ್ಕಿ ಚುಕ್ಕಿ, ಮುರಕಲ್ಲಿನ ಕಟ್ಟೆಗೆ ತಾಗಿದ ಜಾಗವೇ ಇರಬೇಕು. ಮೆಟ್ಟುಕತ್ತಿ ಒಂದೇ ಬದಿಯಿಂದ ಮಿನುಗುತ್ತದೆ, ಬೆರಳಿಗೆ ಕೆರೆಯುತ್ತದೆ. ಸುಲಿಯುವ ಕತ್ತಿ ಉದ್ದಕ್ಕೆ ಬಿಳಿ ಗೆರೆ. ಅರ ಎರಡು ಪ್ಲೇಟಿನ ಕತ್ತಿಗೂ ಜಾರಿತು.

ಕುಲುಮೆ ಬದಿ
ಹಾಗಾದರೆ ಹೊಸ ಕತ್ತಿ ಬೇಡ. ಉಕ್ಕು ಸರಿ ಉಂಟು. ಸೊಪ್ಪಿನ ಕತ್ತಿಗೆ ಅರ ಹಿಡಿಯುವುದಿಲ್ಲ ಅಂದಿರಲ್ಲ, ತರಿ ಕಲ್ಲಿನಲ್ಲಿ ಹಲ್ಲಿನ ಬುಡದವರೆಗೆ ಇಳಿಸಿ, 30 ಡಿಗ್ರಿ ಇಡಿ. ಮೆಟ್ಟುಕತ್ತಿಗೆ ನಯ ಬದಿಯಲ್ಲಿ ಪಕ್ಕ ಬದಲಿಸಿ ಬದಲಿಸಿ, ಕೊನೆಗೆ ಬೆಲ್ಟು. ಸುಲಿಯುವ ಕತ್ತಿಗೆ ನಯ ಕಲ್ಲು ಸಾಕು, ದಿನಾ ಕೆಲಸ ಶುರು ಮಾಡುವ ಮೊದಲು ಹತ್ತಿಪ್ಪತ್ತು ಎಳೆತ.

ನೀರ್ಚಾಲು ಮಾಷ್ಟ್ರು
ಅದರ ಮೊದಲು ಕಲ್ಲನ್ನು ನೋಡಿ. ಸ್ಕೇಲನ್ನು ಕಲ್ಲಿನ ಉದ್ದಕ್ಕೆ ಅಂಚಿನ ಮೇಲೆ ನಿಲ್ಲಿಸಿ, ನಡುವಲ್ಲಿ ಬೆಳಕು ಕಂಡರೆ ಕಲ್ಲು ಗುಳಿ ಬಿದ್ದಿದೆ. ಗುಳಿಬಿದ್ದ ಕಲ್ಲಿನಲ್ಲಿ ಕೋನ ಎಳೆತಕ್ಕೊಂದು ಬದಲಾಗುತ್ತದೆ.

ಪೆರ್ಲದ ತೋಟ
ನಡುವಲ್ಲಿ ಬೆಳಕು ಕಾಣುತ್ತದೆ ಮಾಷ್ಟ್ರೇ. ಇದಕ್ಕೆ ಎಂತ ಮಾಡುವುದು?

ನೀರ್ಚಾಲು ಮಾಷ್ಟ್ರು
ದಪ್ಪ ಗಾಜಿನ ತುಂಡೋ ಸಮ ಇರುವ ಟೈಲ್ಸೋ ತೆಗೆದುಕೊಳ್ಳಿ. ಅದರ ಮೇಲೆ 120 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಅಂಟಿಸಿ. ಕಲ್ಲಿನ ಮೇಲೆ ಪೆನ್ಸಿಲಲ್ಲಿ ಅಡ್ಡ ಉದ್ದ ಗೆರೆ ಎಳೆದು, ನೀರು ಬಿಡುತ್ತಾ ಉಜ್ಜಿ. ನಡುವಿನ ಗೆರೆಯೂ ಅಳಿದಾಗ ಕಲ್ಲು ಸಮ ಆಯಿತು. ಪೇಪರ್ ಮೂರು ನಾಲ್ಕು ಬೇಕಾದೀತು.

ಉಪ್ಪಳ ಹಾರ್ಡ್‌ವೇರ್
ಮತ್ತೆ ಆ ಕಲ್ಲಿಗೆ ತೆಂಗಿನೆಣ್ಣೆ ಹಾಕಬೇಡಿ, ಅಂಟು ಕಟ್ಟಿ ಕಲ್ಲು ಜಾರಲಿಕ್ಕೆ ಶುರುವಾಗುತ್ತದೆ. ನೀರು ಹಾಕಿದ ಕಲ್ಲಿಗೆ ಕೊನೆವರೆಗೂ ನೀರೇ.